ಎಡಗೆನ್ನೆ ಸೊಟ್ಟ ಮಾಡಿಕೊಡಿ

ಮುಖ ಸೊಟ್ಟ ಮಾಡಿಕೊಡಿ ಎಂದು ಡಾಕ್ಟರ ಹತ್ತಿರ ಹೋಗಿ ಕೇಳಿದ ಹೆಂಗಸು ನಮ್ಮ ಜಿಲ್ಲೆಯಲ್ಲಿ ಒಬ್ಬಳೇ ಇರಬೇಕು. ಅವಳು ನಿಮ್ಮ ದೊಡ್ಡಜ್ಜಿ!

ಹೋದ ತಿಂಗಳು ನೀವು ಬಂದಾಗ, "ಅಜ್ಜಿ, ದೊಡ್ಡಜ್ಜಿ ಕೆನ್ನೆಗೆ ಪ್ಲಾಸ್ಟಿಕ್ ಸರ್ಜರಿ ಮಾಡಿಸ್ಕೊಳ್ಳೋಕೆ ಹೋಗಿದ್ರಂತೆ, ನಿಜಾನಾ?" ಎಂದು ಕೇಳಿ ಬಿದ್ದು ಬಿದ್ದು ನಕ್ಕಿರಿ. ನಾನು ಒಗ್ಗರಣೆ ಸೀದುಹೋಗುತ್ತದೆ ಎಂದು ಒಳಗೆ ಎದ್ದು ಹೋದೆ. ಒಲೆಯ ಮೇಲೆ ಒಗ್ಗರಣೆ ಇರಲಿಲ್ಲ. ನಾಲ್ಕು ಜನರ ಎದುರು ಕೂತು ಹೇಳುವುದು ನನಗೆ ಎಂದೂ ಬಂದಿಲ್ಲ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಗು ಬಂದರೆ ನಗಿ. ನಾನೂ ನಕ್ಕಿದ್ದೇನೆ.

ಮೊದಲು ಅವಳ ಗುಣ ಹೇಳಬೇಕು. ನನಗಿಂತ ಆರು ವರ್ಷ ದೊಡ್ಡವಳು, ಒಡಹುಟ್ಟಿದ ಅಕ್ಕ. ಮಧುಗಿರಿಯಲ್ಲಿ ಅವಳ ಮನೆ. ದೇವರು ಎಲ್ಲರಿಗೂ ಕಣ್ಣು ಕೊಟ್ಟ, ಅವಳ ಕಣ್ಣಿನೊಳಗೆ ಮಾತ್ರ ಗಾರೆಯವರ ರಸಮಟ್ಟ ಇಟ್ಟ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಪಟ ನೇರ ಮಾಡುತ್ತಾಳೆ, ಆಮೇಲೆ "ಚೆನ್ನಾಗಿದ್ದೀರಾ" ಎನ್ನುತ್ತಾಳೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಬೈತಲೆ ಓರೆಯಾಗಿದ್ದರೆ ಸುಮ್ಮನಿರಲಾರಳು. ಬಾಚಣಿಗೆ ಕೈಚೀಲದಲ್ಲೇ ಇರುತ್ತದೆ. ನಿಮ್ಮ ತಾತ ಇದ್ದಾಗ, ಅವಳು ಬರುತ್ತಾಳೆಂದು ಗೊತ್ತಾದರೆ ಕನ್ನಡಿ ಮುಂದೆ ನಿಂತು ಮೀಸೆಯ ಎರಡು ತುದಿಯನ್ನೂ ಅಳೆದುಕೊಳ್ಳುತ್ತಿದ್ದರು. ಒಂದು ಮದುವೆಯಲ್ಲಂತೂ ಧಾರೆಯ ಹೊತ್ತಿಗೆ ಮಂಟಪ ಹತ್ತಿ ಮದುಮಗನ ಬಾಸಿಂಗ ಸರಿ ಮಾಡಲು ನಿಂತಳು. ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರು "ಅಮ್ಮಾ, ಕೆಳಗೆ ಇಳೀರಿ" ಎಂದರು.

"ಇಳೀತೀನಿ ಬುಡಿ ಸ್ವಾಮಿ. ನಿಮ್ಮ ಇಬೂತಿನೂ ಬಲಕ್ಕೆ ಜಾರೈತೆ, ನೋಡ್ಕಳಿ" ಎಂದಳು!

ಪಾಪ, ಅವರು ಮಂತ್ರದ ನಡುವೆ ಎರಡು ಸಲ ಹಣೆ ಮುಟ್ಟಿಕೊಂಡರು.

ಅಡುಗೆಮನೆಯಲ್ಲೂ ಹಾಗೆಯೇ. ಅವಳು ಕಟ್ಟಿದ ಹತ್ತು ಮುದ್ದೆ ಒಂದೇ ಎರಕದಲ್ಲಿ ಹೊಯ್ದಂತಿರುತ್ತವೆ. ತಿನ್ನುವುದಕ್ಕೂ ಅವಳದೇ ಕಾನೂನು. ಮುರಿ, ಸಾರಿನಲ್ಲಿ ಅದ್ದು, ನುಂಗು. ಮುದ್ದೆಯನ್ನು ಅಗಿದವರನ್ನು, ಅದರಲ್ಲೂ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು ಕೂತವರನ್ನು, ಅವಳು ಮನುಷ್ಯರೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಏನ್ಲಾ ಅದು, ಗುಬ್ಬಿ ಗೂಡು ಕಟ್ಟಿದಂಗೆ ಕೆನ್ನೇಲಿ ತುತ್ತು ಇಟ್ಕಂಡು? ನುಂಗ್ಲಾ!" ಎಂದು ನಿಮ್ಮ ಅಪ್ಪನ ಬೆನ್ನಿಗೆ ಎಷ್ಟು ಸಲ ಗುದ್ದಿದ್ದಾಳೋ, ಅವನನ್ನೇ ಕೇಳಿ.

ಇಷ್ಟೆಲ್ಲ ಸಮ ನೋಡುವವಳ ಸ್ವಂತ ಮುಖ ಹೇಗಿತ್ತು? ಅದೇ ತಮಾಷೆ. ಸೊಟ್ಟ!

ಹುಟ್ಟಿನಿಂದ ಬಂದದ್ದಲ್ಲ. ಮೂವತ್ತರ ವಯಸ್ಸಿನಲ್ಲಿ ಎಲೆಯಡಿಕೆ ಕಲಿತಳು. ಎಲೆ, ಅಡಿಕೆ, ಸುಣ್ಣ, ಚೂರು ಹೊಗೆಸೊಪ್ಪು. ಎಲ್ಲವನ್ನೂ ಅಗಿದು ಎಡಗೆನ್ನೆಯೊಳಗೆ ಇಟ್ಟರೆ ಮುಂದಿನ ಎಲೆಯಡಿಕೆಯವರೆಗೂ ಅದು ಅಲ್ಲೇ. ನಲವತ್ತು ವರ್ಷ ಹಾಗೆಯೇ ಇದ್ದುದರಿಂದ ಎಡಗೆನ್ನೆ ಹಿಗ್ಗಿ ಸಣ್ಣ ನಿಂಬೆಹಣ್ಣಿನಷ್ಟು ಮುಂದಕ್ಕೆ ಬಂದಿತ್ತು. ಮಾತು ಆ ನಿಂಬೆಹಣ್ಣನ್ನು ಬಳಸಿಕೊಂಡು ಹೊರಗೆ ಬರಬೇಕಾಗಿತ್ತು. ಊರಿನವರ ಪಟವನ್ನೆಲ್ಲ ನೇರ ಮಾಡುವವಳಿಗೆ ತನ್ನ ಪಟ ವಾಲಿರುವುದು ಕಾಣಲೇ ಇಲ್ಲ. ಹೇಳುವ ಧೈರ್ಯ ಯಾರಿಗಿತ್ತು?

ಒಬ್ಬಳಿಗೆ ಮಾತ್ರ ಆ ಸೊಟ್ಟ ಕೆನ್ನೆ ಬೇಕಾಗಿತ್ತು. ಅದು ನಮ್ಮ ಅವ್ವನಿಗೆ.

ಅವ್ವ ಗೌಡಗೆರೆಯಲ್ಲಿ ನಮ್ಮ ತಮ್ಮನ ಮನೆಯಲ್ಲಿದ್ದಳು. ತೊಂಬತ್ತು ದಾಟಿತ್ತು. ಎರಡೂ ಕಣ್ಣು ಹೋಗಿದ್ದವು, ಕಿವಿ ಮಂದವಾಗಿತ್ತು, ನೆನಪು ಬಂದು ಹೋಗಿ ಮಾಡುತ್ತಿತ್ತು. ಕೈ ಮಾತ್ರ ಚುರುಕು. ನಾವು ಹೋಗಿ ಕಾಲಿಗೆ ನಮಸ್ಕಾರ ಮಾಡಿದರೆ ಎರಡು ಅಂಗೈಯಲ್ಲೂ ನಮ್ಮ ಕೆನ್ನೆ ಸವರಿ, ತನ್ನ ಹಣೆಯ ಪಕ್ಕಕ್ಕೆ ಬೆರಳೊತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದಳು. ನೀವು ಚಿಕ್ಕವರಿದ್ದಾಗ ನಿಮಗೂ ತೆಗೆದಿದ್ದಾಳೆ. ಕಣ್ಣು ಹೋದ ಮೇಲೆ ಅದೇ ಅವಳಿಗೆ ಗುರುತು ಹಿಡಿಯುವ ದಾರಿಯಾಯಿತು. ನನ್ನ ಕೆನ್ನೆ ಸವರಿ "ಇವಳು ಚಿಕ್ಕೋಳು, ಒಣ ಕೊಬ್ಬರಿ" ಎನ್ನುವಳು. ತಮ್ಮನ ಗಡ್ಡ ಸವರಿ "ಇವನು ಕ್ಷೌರಕ್ಕೆ ಕಳ್ಳ" ಎನ್ನುವಳು. ಅಕ್ಕನ ಎಡಗೆನ್ನೆಯ ಉಬ್ಬು ಅಂಗೈಗೆ ತುಂಬಿಕೊಂಡರೆ ಮುಖವೆಲ್ಲ ಬೆಳಕಾಗುತ್ತಿತ್ತು. "ಬಂದ್ಯೇನೇ ನನ್ ದೊಡ್ಡೋಳೇ?"

ಈಗ ಕಥೆಗೆ ಬರುತ್ತೇನೆ. ಒಂದು ದಿನ ಅಕ್ಕನಿಗೆ ಹಲ್ಲುನೋವು ಬಂತು. ಮಧುಗಿರಿಯ ಹಲ್ಲಿನ ಡಾಕ್ಟರು ಟಾರ್ಚು ಹಾಕಿ ನೋಡಿ, ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ಹೀಗೇ ಬಿಟ್ಟರೆ ಕೆಟ್ಟ ಕಾಯಿಲೆಗೆ ತಿರುಗಬಹುದು, ಎಲೆಯಡಿಕೆ ಇವತ್ತೇ ನಿಲ್ಲಿಸಿ ಎಂದರು. ಆ ಕಡೆ ಹುಳುಕಾಗಿದ್ದ ನಾಲ್ಕು ದವಡೆ ಹಲ್ಲು ಕಿತ್ತರು. ಮಚ್ಚೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸದ್ಯ ಕೆಟ್ಟದ್ದೇನೂ ಇಲ್ಲ, ಆದರೆ ತಿಂಗಳಿಗೊಮ್ಮೆ ತೋರಿಸುತ್ತಿರಬೇಕು ಎಂದು ಬಂತು. ನಾವೆಲ್ಲ ದೇವರಿಗೆ ಕೈಮುಗಿದೆವು. ಅಕ್ಕ ಹಟಮಾರಿಯಲ್ಲವೇ, ಎಲೆಯಡಿಕೆಯ ಡಬ್ಬಿಯನ್ನು ತೊಳೆದು ಅದರಲ್ಲಿ ಸೂಜಿ ದಾರ ತುಂಬಿಟ್ಟಳು. ಮತ್ತೆ ಮುಟ್ಟಲಿಲ್ಲ.

ಹಲ್ಲೂ ಇಲ್ಲ, ಎಲೆಯಡಿಕೆಯೂ ಇಲ್ಲ. ಎರಡೇ ತಿಂಗಳಲ್ಲಿ ಎಡಗೆನ್ನೆ ಒಳಕ್ಕೆ ಕುಸಿದು ಗುಳಿ ಬಿತ್ತು. ಮಾತಿಗೆ ಅಡ್ಡವಿದ್ದ ನಿಂಬೆಹಣ್ಣು ಹೋಗಿ ಧ್ವನಿಯೇ ಬೇರೆಯಾಯಿತು. ಫೋನು ಮಾಡಿದರೆ ನಾನೇ ಒಂದು ಸಲ "ಯಾರು ಮಾತಾಡ್ತಿರೋದು?" ಎಂದುಬಿಟ್ಟೆ.

ಬಾಯಿ ವಾಸಿಯಾದ ಮೇಲೆ ಇಬ್ಬರೂ ಗೌಡಗೆರೆಗೆ ಹೋದೆವು. ಅಕ್ಕ ನಮಸ್ಕಾರ ಮಾಡಿ ಮುಖ ಒಡ್ಡಿದಳು. ಅವ್ವ ಸವರಿದಳು. ಎಡಗಡೆ ಕೈ ನಿಂತಿತು. ಇನ್ನೊಂದು ಸಲ ಸವರಿದಳು.

"ಯಾರಮ್ಮ ನೀನು? ಬಿಪಿ ನೋಡಾಕೆ ಬಂದ್ಯಾ?" ಮನೆಮನೆಗೆ ಬರುವ ಆಸ್ಪತ್ರೆಯ ಹೆಂಗಸು ಎಂದುಕೊಂಡಳು.

"ನಾನು ಕಣವ್ವ, ದೊಡ್ಡೋಳು!"

"ಅಂಗಂತ ಯಾರು ಬೇಕಾದ್ರೂ ಯೋಳ್ತಾರೆ ಬುಡಮ್ಮ. ನನ್ ದೊಡ್ಡೋಳ ಕೆನ್ನೆ ನಂಗೊತ್ತಿಲ್ವಾ?"

ಅಕ್ಕ ಸುಮ್ಮನಾಗುವವಳೇ? ಗಟ್ಟಿಯಾಗಿ ಸಾಕ್ಷಿ ಹೇಳತೊಡಗಿದಳು. ಕಣದಲ್ಲಿ ಕಡಲೆಕಾಯಿ ರಾಶಿಯ ಮೇಲಿಂದ ಬಿದ್ದು ಕೈ ಮುರಿದದ್ದು, ಎಮ್ಮೆ ಹಿಂದೆ ಹೋಗಿ ಸಂಜೆಯವರೆಗೂ ಕಳೆದುಹೋದದ್ದು, ಅವ್ವನ ಮೂಗುತಿ ಬಾವಿಗೆ ಬೀಳಿಸಿದ್ದು. ಎಲ್ಲ ಕೇಳಿಸಿಕೊಂಡು ಅವ್ವ ತಲೆಯಾಡಿಸಿದಳು.

"ಎಲ್ಲಾ ಸರಿಯಾಗೇ ಯೋಳ್ತೀಯ. ಅವಳೇ ನಿಂಗೆ ಯೋಳಿರ್ತಾಳೆ. ಅವಳ ಬಾಯಿ ನಿಲ್ಲಾಕಿಲ್ಲ ಕಣಮ್ಮ."

ತಮ್ಮನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಅಕ್ಕನೂ ನಕ್ಕಳು. ಹೊರಡುವಾಗ ಅವ್ವ ನನ್ನ ಕೈ ಹಿಡಿದು ಕೇಳಿದಳು: "ದೊಡ್ಡೋಳು ಯಾಕೆ ಬರ್ನಿಲ್ಲ ಮಗಾ? ನನ್ ಮ್ಯಾಲೆ ಕ್ವಾಪಾನಾ?" ಅಕ್ಕ ಅಲ್ಲೇ ಬಾಗಿಲಿನಲ್ಲಿ ಚಪ್ಪಲಿಯನ್ನು ಜೊತೆ ಸೇರಿಸಿ ನೇರ ಇಡುತ್ತಿದ್ದಳು. ಮೆಟ್ಟಿಕೊಳ್ಳುವ ಚಪ್ಪಲಿಯನ್ನು ಯಾರಾದರೂ ಹಾಗೆ ಇಡುತ್ತಾರೆಯೇ? ಅವಳು ಮೂರು ಸಲ ಇಟ್ಟಳು.

ಅಂದಿನಿಂದ ಅವಳಿಗೆ ಒಂದೇ ಗುರಿ. ಅವ್ವ ಇರುವಷ್ಟರಲ್ಲಿ ಎಡಗೆನ್ನೆ ಮತ್ತೆ ಉಬ್ಬಬೇಕು.

ಮೊದಲ ಪ್ರಯತ್ನ ಬೆಲ್ಲದ್ದು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಟ್ಟಿ ಅಚ್ಚುಬೆಲ್ಲವನ್ನು ಕೆನ್ನೆಯೊಳಗೆ ಇಟ್ಟು, ಕನ್ನಡಿಯಲ್ಲಿ ನೋಡಿ, "ಹಳೇ ಸೈಜೇ ಬಂತು" ಎಂದು ತೃಪ್ತಿಯಿಂದ ಬಸ್ಸು ಹತ್ತಿದಳು. ಬೆಲ್ಲಕ್ಕೆ ಗೌಡಗೆರೆ ಎಷ್ಟು ದೂರ ಎಂದು ಗೊತ್ತಿರಲಿಲ್ಲ. ಬಸ್ಸು ಬದಲಿಸಲು ಸಿರಾದಲ್ಲಿ ಇಳಿಯುವ ಹೊತ್ತಿಗೆ ಕೆನ್ನೆ ಪೂರ್ತಿ ಕರಗಿತ್ತು! ಎರಡನೇ ಸಲ ಹತ್ತಿ ಉಂಡೆ ಇಟ್ಟಳು. ಅದು ಕರಗಲಿಲ್ಲ. ಆದರೆ ಅವ್ವನ ಮುಂದೆ "ಅವ್ವಾ" ಎಂದು ಬಾಯಿ ತೆರೆದ ಕೂಡಲೇ ಹೊರಗೆ ಬಂದು ಅವ್ವನ ಮಡಿಲಿಗೆ ಬಿತ್ತು. ಅವ್ವ ಅದನ್ನು ಮುಟ್ಟಿ, ಹಿಂಡಿ ನೋಡಿ, "ದೀಪಕ್ಕೆ ಬತ್ತಿ ಹೊಸೆಯಾಕೆ ತಂದ್ಯೇನಮ್ಮ? ಯಾಕಿಂಗೆ ಒದ್ದೆ ಮಾಡ್ಕಂಡ್ ಬಂದೆ?" ಎಂದಳು.

ಆಮೇಲೆ ಯಾರೋ ಕೆನ್ನೆಗೆ ವ್ಯಾಯಾಮ ಬೇಕು, ಬಾಯಿ ತುಂಬ ಗಾಳಿ ಹಿಡಿದು ಊದಬೇಕು ಎಂದರು. ಬಲೂನು ಊದಬಹುದಿತ್ತು. ನಿಮ್ಮ ದೊಡ್ಡಜ್ಜಿಗೆ ಮಕ್ಕಳ ಸಾಮಾನು ಒಗ್ಗುತ್ತದೆಯೇ? ಅಟ್ಟದಿಂದ ಮಾವನವರ ಕಾಲದ ಶಂಖ ಇಳಿಸಿದಳು! ಬೆಳಿಗ್ಗೆ ಎದ್ದು ಹಿತ್ತಿಲಿನಲ್ಲಿ ನಿಂತು ಊದಿದಳು. ಮೊದಲ ಎರಡು ದಿನ ಗಾಳಿಯೇ ಬಂತು. ಮೂರನೇ ದಿನ ಧ್ವನಿ ಬಂತು, ಜೋರಾಗಿ, ಉದ್ದವಾಗಿ. ನಮ್ಮ ಕಡೆ ಬೆಳಿಗ್ಗೆ ಬೆಳಿಗ್ಗೆ ಒಂದು ಮನೆಯಿಂದ ಶಂಖ ಕೇಳಿದರೆ ಏನರ್ಥ? ಅಲ್ಲಿ ಯಾರೋ ತೀರಿಕೊಂಡರು ಎಂದೇ. ಪಕ್ಕದ ಮನೆಯವರು ಹೆಗಲಿಗೆ ಟವೆಲ್ ಹಾಕಿಕೊಂಡು ಬಂದರು. ಎದುರುಮನೆಯಾಕೆ ಅಳುತ್ತಲೇ ಬಂದಳು. ಬಂದವರೆಲ್ಲ ಜಗುಲಿಯ ಮೇಲೆ ಪೇಪರು ಓದುತ್ತಿದ್ದ ನಮ್ಮ ಭಾವನನ್ನು ನೋಡಿ, ಇವರು ಇದ್ದಾರೆ, ಹಾಗಾದರೆ ಅಮ್ಮನವರೇ ಹೋಗಿರಬೇಕು ಎಂದು ಒಳಗೆ ನುಗ್ಗಿದರು. ಹಿತ್ತಿಲಿನಲ್ಲಿ ಹೋದವರೇ ನಿಂತು ಶಂಖ ಊದುತ್ತಿದ್ದರು!

ಶಂಖ ಅಟ್ಟಕ್ಕೆ ಹೋಯಿತು. ಕೆನ್ನೆಯ ಗುಳಿ ಒಂದು ನೂಲಿನಷ್ಟೂ ಏಳಲಿಲ್ಲ.

ಹಲ್ಲಿನ ಡಾಕ್ಟರನ್ನು ಕೇಳಿದಳು. ಹಲ್ಲುಸೆಟ್ಟು ಮಾಡಿಸುವಾಗ ಎಡಗಡೆ ಸ್ವಲ್ಪ ದಪ್ಪ ಇಟ್ಟರೆ ಕೆನ್ನೆ ಮುಂದಕ್ಕೆ ಬರುತ್ತದಂತೆ. ಆದರೆ ಮಚ್ಚೆಗೆ ಅದು ಉಜ್ಜಬಾರದು, ಆರು ತಿಂಗಳಾದರೂ ಕಾಯಬೇಕು ಎಂದರು. ಅಷ್ಟರಲ್ಲಿ ಗೌಡಗೆರೆಯಿಂದ ಫೋನು ಬಂತು. ಅವ್ವ ಊಟ ಕಡಿಮೆ ಮಾಡಿದ್ದಾಳೆ, ತಟ್ಟೆ ಮುಂದಿಟ್ಟರೆ "ದೊಡ್ಡೋಳು ಬರ್ಲಿ" ಎನ್ನುತ್ತಾಳೆ ಎಂದು ತಮ್ಮನ ಹೆಂಡತಿ ಹೇಳಿದಳು. ಆರು ತಿಂಗಳು ಎಲ್ಲಿ ಕಾಯುವುದು?

ಹೀಗೆ ನಾವಿಬ್ಬರೂ ತುಮಕೂರಿಗೆ, ಮುಖ ಚೆಂದ ಮಾಡುವ ಡಾಕ್ಟರ ಹತ್ತಿರ ಹೋದದ್ದು. ಕಾಯುವ ಕೋಣೆಯಲ್ಲಿ ಎಲ್ಲ ಹರೆಯದ ಹುಡುಗಿಯರು. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಪಕ್ಕದವಳು ಅಕ್ಕನಿಗೆ, "ಅಜ್ಜಿ, ಮೊಮ್ಮಗಳಿಗೆ ತೋರಿಸೋಕಾ?" ಎಂದಳು. "ಇಲ್ಲ ಕಣಮ್ಮ, ನಂಗೇ" ಎಂದಳು ಅಕ್ಕ, ಕೋಣೆಗೆಲ್ಲ ಕೇಳುವಂತೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಅಕ್ಕ ಒಳಗೆ ಹೋಗಿ ಮೊದಲು ಗೋಡೆಯ ಮೇಲಿದ್ದ ಪಟ ನೇರ ಮಾಡಿ, ಆಮೇಲೆ ಕುರ್ಚಿಯಲ್ಲಿ ಕೂತಳು. ಡಾಕ್ಟರು ಅವಳ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಗುಳಿ ಮುಚ್ಚಿ ತೋರಿಸಿದರು. ಎರಡು ಕೆನ್ನೆಯೂ ಸಮನಾಗಿ, ಅಕ್ಕ ಹತ್ತು ವರ್ಷ ಚಿಕ್ಕವಳಾಗಿ ಕಂಡಳು.

"ಹೀಗೆ ಬಂದರೆ ಸಾಕಾ ಅಮ್ಮ?"

"ಇವಳ್ಯಾರೋ ಚೆನ್ನಾಗವ್ಳೆ. ನಾನಲ್ಲ. ಎಡಗಡೆ ಇನ್ನೂ ತುಂಬಬೇಕು ಡಾಕ್ಟ್ರೇ. ಬಲಗಡೆಗಿಂತ ಒಂದು ನಿಂಬೆಹಣ್ಣು ಜಾಸ್ತಿ."

"ಅಮ್ಮ, ಹಾಗೆ ಮಾಡಿದರೆ ಮುಖ ಸೊಟ್ಟ ಆಗುತ್ತೆ!"

"ಸೊಟ್ಟಾನೇ ಬೇಕು. ಸೊಟ್ಟ ಮಾಡಿಕೊಡಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಸೀರೆಯ ಅಂಚು ನೋಡಿದೆ. "ನನ್ನ ಹತ್ತಿರ ಬರೋರೆಲ್ಲ ಎರಡೂ ಕಡೆ ಸಮ ಮಾಡಿ ಅಂತಾರೆ. ಹಾಗೆ ನೋಡಿದರೆ ಯಾರ ಮುಖಾನೂ ಪೂರ್ತಿ ಸಮ ಇರಲ್ಲ. ನೀವು ಮಾತ್ರ..." ಎಂದು ನಕ್ಕು, ಆದರೂ ತಾಳ್ಮೆಯಿಂದ ಇರುವ ದಾರಿಗಳನ್ನು ಹೇಳಿದರು. ಒಂದು, ಬಾಯೊಳಗಿನಿಂದ ಸೀಳಿ ಸಿಲಿಕೋನಿನ ತುಂಡನ್ನು ಕೆನ್ನೆಯ ಮೂಳೆಯ ಮೇಲೆ ಕೂರಿಸುವುದು.

"ಸಿಲಿಕೋನ್ ಅಂದ್ರೆ?"

"ಒಂಥರಾ ಮೆತ್ತಗಿನ ರಬ್ಬರ್ ಇದ್ದ ಹಾಗೆ."

"ಬ್ಯಾಡ. ನಮ್ಮವ್ವ ಒತ್ತಿ ನೋಡ್ತಾಳೆ. ರಬ್ಬರು ಅಂತ ಗೊತ್ತಾಗಿಬುಡ್ತೈತೆ."

ಇನ್ನೊಂದು, ಅವಳದೇ ಹೊಟ್ಟೆಯಿಂದ ಕೊಬ್ಬು ತೆಗೆದು ಕೆನ್ನೆಗೆ ತುಂಬುವುದು. ಅಕ್ಕ ಹೊಟ್ಟೆ ಮುಟ್ಟಿ ನೋಡಿಕೊಂಡಳು. "ಹೊಟ್ಟೇದು ತಂದು ಕೆನ್ನೆಗೆ ಇಟ್ರೆ, ಹಸಿವಾದಾಗ ಕೆನ್ನೆ ಗುರುಗುಟ್ಟಾಕಿಲ್ವಾ?"

ಡಾಕ್ಟರು ನಗು ತಡೆಯಲಾರದೆ ನೀರು ಕುಡಿದರು. ಕೊನೆಯದು ಜೆಲ್ಲಿನ ಇಂಜೆಕ್ಷನ್. ಕೊಯ್ಯುವುದಿಲ್ಲ, ಕೂತಲ್ಲೇ ಹಾಕುತ್ತಾರೆ. "ಆದರೆ ಅದು ಶಾಶ್ವತ ಅಲ್ಲ ಅಮ್ಮ. ಹೆಚ್ಚುಕಮ್ಮಿ ಒಂದು ವರ್ಷ ಇರಬಹುದು, ಆಮೇಲೆ ಕರಗುತ್ತೆ."

"ವರ್ಷ ಸಾಕು" ಎಂದಳು ಅಕ್ಕ. "ನಮ್ಮವ್ವ ಅಷ್ಟು ದಿನ ಇದ್ರೆ ಅದೇ ಹೆಚ್ಚು."

ಡಾಕ್ಟರ ನಗು ನಿಂತಿತು. ಯಾರು, ಏನು ಎಂದು ಕೇಳಿದರು. ಅಕ್ಕ ಎಲ್ಲವನ್ನೂ ಹೇಳಿದಳು. ಬೆಲ್ಲ, ಹತ್ತಿ, ಶಂಖ, ಒಂದನ್ನೂ ಬಿಡಲಿಲ್ಲ. ಡಾಕ್ಟರು ಎದ್ದು ಬಂದು, ಗ್ಲೌಸು ಹಾಕಿಕೊಂಡು, ಬಾಯಿ ತೆರೆಸಿ ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನ ಪಕ್ಕದ ಕುರ್ಚಿಯಲ್ಲೇ ಕೂತರು.

"ಮಚ್ಚೆ ಇನ್ನೂ ಇದೆ ಅಮ್ಮ. ಅದು ಪೂರ್ತಿ ಹೋಗೋವರೆಗೆ ಈ ಕೆನ್ನೆಗೆ ನಾನು ಸೂಜಿ ಹಾಕಲ್ಲ. ಒಳಗೆ ಏನಾದರೂ ಬದಲಾದರೆ ನಮಗೆ ಗೊತ್ತಾಗಬೇಕು, ಜೆಲ್ ತುಂಬಿದರೆ ನೋಡೋದು ಕಷ್ಟ ಆಗುತ್ತೆ. ಬೇರೆ ಯಾರಾದರೂ ಹಾಕ್ತೀನಿ ಅಂದರೂ ಹಾಕಿಸ್ಕೋಬೇಡಿ. ನಿಮ್ಮ ತಾಯಿಗೆ ನೀವು ಬೇಕು ತಾನೇ?"

ಅಕ್ಕ ವಾದ ಮಾಡಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿಗೆ ಓರೆ ಬೈತಲೆಯ ಹುಡುಗಿಯೊಬ್ಬಳು ಕೂತಿದ್ದಳು. ಅಕ್ಕ ಬಾಚಣಿಗೆ ತೆಗೆಯಲಿಲ್ಲ. ನಾನು ನಮ್ಮ ಕೊರಟಗೆರೆಯಲ್ಲಿ ಇಳಿಯಲು ಏಳುವಾಗ ಅಂದಳು: "ಆ ಡಾಕ್ಟ್ರ ಪಟ ಇನ್ನೂ ಒಂಚೂರು ವಾಲಿತ್ತು ಕಣೇ." ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮುಂದಿನ ವಾರ ಮತ್ತೆ ಗೌಡಗೆರೆಗೆ ಹೋದೆವು. ಈ ಸಲ ಅಕ್ಕ ಬಾಯಿಗೆ ಏನೂ ಇಟ್ಟುಕೊಳ್ಳಲಿಲ್ಲ. "ಗುರುತು ಹಿಡೀದಿದ್ರೆ ಬ್ಯಾಡ ಬುಡು. ಬಿಪಿ ನೋಡೋಳಾಗೇ ಹೋಗ್ತೀನಿ. ಬಿಪಿಯೋಳ ಕೈಲಾದ್ರೂ ನಾಕು ತುತ್ತು ಉಣ್ಣಲಿ" ಎಂದಳು.

ಅವ್ವ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ತಮ್ಮನ ಹೆಂಡತಿ ಮುದ್ದೆ, ಹಿಚುಕಿದ ಅವರೆಬೇಳೆ ಸಾರು ತಂದಿಟ್ಟು, "ನೀವೇ ನೋಡಿ ಅಕ್ಕಾ, ಮೂರು ದಿನದಿಂದ ಬರೀ ಗಂಜಿನೀರು" ಎಂದಳು. ಅಕ್ಕ ತಟ್ಟೆಯ ಮುಂದೆ ಕೂತು ಸಣ್ಣ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅವ್ವನ ಬಾಯಿಯ ಹತ್ತಿರ ಹಿಡಿದಳು.

"ಯಾರು? ಬಿಪಿಯಮ್ಮನಾ?"

"ಊಂ. ಊಟ ಮಾಡಿ ಅಜ್ಜಿ."

ತನ್ನ ತಾಯಿಯನ್ನು ಅಜ್ಜಿ ಎಂದಳು. ನಾನು ಕಂಬದ ಹಿಂದೆ ಸರಿದೆ.

ಅವ್ವ ಬಾಯಿ ತೆರೆಯಲಿಲ್ಲ. ಕೈ ಚಾಚಿ, ಎದುರಿಗಿದ್ದ ಮುಖವನ್ನು ಹುಡುಕಿ ಹಿಡಿದು, ಎಡಗೆನ್ನೆಯ ಗುಳಿಯ ಮೇಲೆ ಹೆಬ್ಬೆರಳು ಆಡಿಸಿದಳು. "ಅಯ್ಯೋ, ಇದೇನಮ್ಮ ಇಂಗೆ ಒಳೀಕೆ ಹೋಗೈತೆ? ನಿಂದೇ ಊಟ ಆಗಿಲ್ವಲ್ಲೇ! ಊರೂರು ತಿರುಗಿ ಎಲ್ಲಾರ ಬಿಪಿ ನೋಡ್ತೀಯ, ನಿಂಗೆ ಉಣ್ಣು ಅನ್ನೋರು ಯಾರೂ ಇಲ್ವಾ?" ಇನ್ನೊಂದು ಕೈಯಿಂದ ತಟ್ಟೆ ತಡಕಿ, ತಾನೇ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುರಿ ತಪ್ಪದೆ ಅಕ್ಕನ ಬಾಯಿಗೆ ಇಟ್ಟಳು. ದೊಡ್ಡ ತುತ್ತು. ಮಕ್ಕಳಿಗೆ ಇಡುತ್ತಿದ್ದಂಥದ್ದು.

ಅಕ್ಕನಿಗೆ ಜನ್ಮದಲ್ಲೇ ಮೊದಲ ಸಲ ಮುದ್ದೆ ನುಂಗಲಾಗಲಿಲ್ಲ. ಎಲೆಯಡಿಕೆಯ ಹಳೆಯ ಅಭ್ಯಾಸವೋ ಏನೋ, ತುತ್ತು ತಾನಾಗಿ ಎಡಗೆನ್ನೆಗೆ ಜಾರಿ ಕೂತಿತು. ಅವ್ವನ ಅಂಗೈ ಇನ್ನೂ ಅಲ್ಲೇ ಇತ್ತು. ಗುಳಿ ಮೇಲೇಳುವುದು ಆ ಕೈಗೆ ಗೊತ್ತಾಯಿತು. ಬೆರಳುಗಳು ಒಂದು ಸಲ ನಿಂತು, ಉಬ್ಬನ್ನು ಸುತ್ತಲೂ ಸವರಿ, ಅಂಗೈ ತುಂಬ ಹಿಡಿದುಕೊಂಡವು.

"ಬಂದ್ಯೇನೇ?" ಎಂದಳು ಅವ್ವ. "ಯಾವಾಗ ಬಂದೆ ನನ್ ದೊಡ್ಡೋಳೇ? ಯಾಕೆ ಇಷ್ಟು ದಿವ್ಸ ಮಾಡ್ದೆ?"

ಅಕ್ಕ ಬಾಯಿ ತೆರೆಯಲಿಲ್ಲ. ತೆರೆದರೆ ತುತ್ತು ಬೀಳುತ್ತಿತ್ತು, ನುಂಗಿದರೆ ಕೆನ್ನೆ ಹೋಗುತ್ತಿತ್ತು. ಊಂ, ಊಂ ಎನ್ನುತ್ತಾ, ಕಣ್ಣಿನ ನೀರು ಗಲ್ಲದಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಅವ್ವನ ಬಾಯಿಗೆ ಒಂದೊಂದೇ ತುತ್ತು ಇಟ್ಟಳು. ಅವ್ವ ಮುದ್ದೆ ಮುಗಿಯುವವರೆಗೆ ಉಂಡಳು. ಅಷ್ಟು ಹೊತ್ತೂ ಮಾತಾಡಿದವಳು ಅವ್ವನೇ. ಕಡಲೆಕಾಯಿ ರಾಶಿ, ಎಮ್ಮೆ, ಬಾವಿಗೆ ಬಿದ್ದ ಮೂಗುತಿ.

ಅವ್ವ ಕೈ ತೊಳೆದು, ದೃಷ್ಟಿ ತೆಗೆದು, ಮಲಗಿದ ಮೇಲೂ ಅಕ್ಕ ಎದ್ದಿರಲಿಲ್ಲ. ಕೆನ್ನೆಯಲ್ಲಿ ತುತ್ತು ಹಾಗೆಯೇ ಇತ್ತು.

"ನುಂಗಕ್ಕಾ" ಎಂದೆ ನಾನು.

ಅವಳು ಬೇಡ ಎಂದು ತಲೆಯಾಡಿಸಿದಳು.